ಎಡಗೈಯ ಶಂಖ

ಬೈದವರನ್ನು ಗೋದಾಬಾಯಿಯವರು ಸಂಜೆಯೊಳಗೆ ಮರೆತುಬಿಡುತ್ತಿದ್ದರು. ಕನಿಕರ ತೋರಿಸಿದವರನ್ನು ಮಾತ್ರ ಮರೆಯುತ್ತಿರಲಿಲ್ಲ. ಬೇಗಂಪೇಟೆ ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅವರನ್ನು ಬಲ್ಲವರು ಇದಕ್ಕೆ ಸೊಕ್ಕು ಎಂದು ಹೆಸರಿಟ್ಟಿದ್ದರು. ಹೆಸರಿಡುವುದಕ್ಕೆ ಜನರಿಗೇನು ಖರ್ಚು? ಸೊಕ್ಕು ಮಾಡುವಂಥದ್ದು ಆ ಹೆಂಗಸಿನ ಹತ್ತಿರ ಏನೂ ಉಳಿದಿರಲಿಲ್ಲ. ಮಾನ್ವಿ ಕಡೆಯ ಮಾಧ್ವ ಮನೆತನದಲ್ಲಿ ಹುಟ್ಟಿ, ಸೆಕ್ರೆಟೇರಿಯಟ್ಟಿನಲ್ಲಿ ಗುಮಾಸ್ತರಾಗಿದ್ದ ಹನುಮಂತರಾಯರ ಕೈಹಿಡಿದು ಹೈದರಾಬಾದಿಗೆ ಬಂದವರು. ಮಕ್ಕಳಾಗಲಿಲ್ಲ. ರಾಯರು ತೀರಿಕೊಂಡ ಮೇಲೆ ಒಂದು ಟ್ರಂಕು, ಒಂದು ದೇವರ ಸಂಪುಟ ತೆಗೆದುಕೊಂಡು ತಂಗಿ ಕೃಷ್ಣಾಬಾಯಿಯ ಮನೆಗೆ ಬಂದರು. ಅಲ್ಲಿ ಅಡಿಗೆಮನೆ ಅವರದಾಯಿತು, ಅವರನ್ನು ಮೌಶಿ ಎಂದು ಕರೆಯುತ್ತಿದ್ದ ತಂಗಿಯ ಮಗಳು ನಲಿನಿ ಅವರ ಮಗಳಾದಳು.

ಕನಿಕರದ ಮೇಲಿನ ಸಿಟ್ಟಿಗೆ ಕಾರಣ ಮಠದಲ್ಲಿತ್ತು.

ಆಷಾಢ ಶುದ್ಧ ಏಕಾದಶಿಯ ದಿನ ಮಾಧ್ವರು ಮಠಕ್ಕೆ ಹೋಗಿ ತಪ್ತಮುದ್ರೆ ಹಾಕಿಸಿಕೊಳ್ಳುತ್ತಾರೆ. ಲೋಹದಲ್ಲಿ ಮಾಡಿದ ಶಂಖ ಚಕ್ರದ ಅಚ್ಚುಗಳನ್ನು ಹೋಮದ ಕೆಂಡದಲ್ಲಿ ಕಾಯಿಸಿ ಸ್ವಾಮಿಗಳು ತಾವೇ ಮೈಗೆ ಒತ್ತುತ್ತಾರೆ. ಹೆಂಗಸರಿಗಾದರೆ ಬಲ ಮುಂಗೈಗೆ ಚಕ್ರ, ಎಡ ಮುಂಗೈಗೆ ಶಂಖ. ಚುರ್ರೆಂದು ಕಣ್ಣಲ್ಲಿ ನೀರು ಬರುವಷ್ಟರಲ್ಲಿ ಮುಗಿದಿರುತ್ತದೆ. ಗೋದಾಬಾಯಿಯವರು ಪರಕಾರ ಉಡುವ ಹುಡುಗಿಯ ವಯಸ್ಸಿನಿಂದ ಒಂದು ವರ್ಷವೂ ತಪ್ಪಿಸಿರಲಿಲ್ಲ. ಹಳೆಯ ಗುರುತು ಮಾಸುತ್ತ ಬಂದಂತೆ ಅದರ ಪಕ್ಕದಲ್ಲೇ ಹೊಸದು ಬೀಳುತ್ತಿತ್ತು. ರಾಯರು ಹೋದಾಗ ಅವರ ಮೈ ತೊಳೆದವರು ತೋಳಿನ ಮೇಲಿನ ಶಂಖ ಚಕ್ರ ನೋಡಿ, ಇವರ ವೈಕುಂಠದ ದಾರಿಗೆ ಯಾರೂ ಅಡ್ಡ ಬರುವುದಿಲ್ಲ ಅಂದಿದ್ದರು. ಅತ್ತು ಸೊರಗಿ ಮೂಲೆಯಲ್ಲಿ ಕೂತಿದ್ದ ಹೆಂಡತಿಯ ಕಿವಿಗೆ ಆ ದಿನ ಬಿದ್ದ ಮಾತುಗಳಲ್ಲಿ ಉಳಿದದ್ದು ಅದೊಂದೇ.

ಅದಾದ ಮರುವರ್ಷ ಮಠದಲ್ಲಿ ಆರಾಧನೆಯ ಸಂತರ್ಪಣೆ. ಅಡಿಗೆಗೆ ಕೈಹಚ್ಚಲು ಹೋದ ಹೆಂಗಸರಲ್ಲಿ ಇವರೂ ಒಬ್ಬರು. ದೊಡ್ಡ ಕೊಪ್ಪರಿಗೆಯ ಅನ್ನದ ಗಂಜಿ ಬಸಿಯುವಾಗ ಎದುರು ಹಿಡಿದಿದ್ದ ತುಳಸಾಬಾಯಿಯವರ ಕಾಲು ಒದ್ದೆ ನೆಲದ ಮೇಲೆ ಜಾರಿತು. ಕೊಪ್ಪರಿಗೆ ಗೋದಾಬಾಯಿಯವರ ಕಡೆಗೆ ವಾಲಿತು. ಬಿಟ್ಟಿದ್ದರೆ ಕೈ ಉಳಿಯುತ್ತಿತ್ತು. ಹೊರಗೆ ಎಲೆ ಹಾಕಿ ಜನ ಕೂತಾಗಿತ್ತು, ಅಷ್ಟೂ ಅನ್ನ ನೆಲದ ಪಾಲಾಗುತ್ತದೆಂದು ಈ ಹೆಂಗಸು ಬಿಡಲಿಲ್ಲ. ಕುದಿಯುವ ಗಂಜಿ ಎರಡೂ ಮುಂಗೈಗಳ ಮೇಲೆ ಹರಿಯಿತು. ಪಾತ್ರೆಯನ್ನು ನೆಲಕ್ಕಿಟ್ಟ ಮೇಲೆಯೇ ಅವರು ಕೂಗಿದ್ದು.

ಗಾಯ ಮಾಯಿತು, ಚರ್ಮ ಮಾತ್ರ ಮೊದಲಿನಂತಾಗಲಿಲ್ಲ. ಮಣಿಕಟ್ಟಿನಿಂದ ಮೊಣಕೈವರೆಗೆ ಗಂಟುಗಂಟಾಗಿ, ಕೆಂಪಾಗಿ, ಬಿಗಿದುಕೊಂಡು ನಿಂತಿತು. ಬಾಲ್ಯದಿಂದ ಬಿದ್ದಿದ್ದ ಮುದ್ರೆಗಳೆಲ್ಲ ಅದರಡಿ ಹೂತುಹೋದವು. ಬಂದ ಆಷಾಢದಲ್ಲಿ ಸಾಲಿನಲ್ಲಿ ನಿಂತು ಕೈ ಚಾಚಿದಾಗ ಸ್ವಾಮಿಗಳ ಪಕ್ಕದಲ್ಲಿದ್ದ ಆಚಾರ್ಯರು ನೋಡಿ ಲೊಚಗುಟ್ಟಿದರು. ಇಂಥ ಚರ್ಮಕ್ಕೆ ಕಾದದ್ದು ಮುಟ್ಟಿಸಿದರೆ ಹುಣ್ಣಾದೀತು, ನಿಮಗೆ ಗೋಪಿಚಂದನ ಸಾಕು ತಾಯಿ ಎಂದು ಬಹಳ ಮೆತ್ತಗೆ ಹೇಳಿ, ತಣ್ಣನೆಯ ಚಂದನದ ಅಚ್ಚು ಒತ್ತಿ ಕಳಿಸಿದರು. ಮನೆಗೆ ಬಂದು ಕೈ ತೊಳೆದರೆ ಆ ಮುದ್ರೆ ನೀರಿನಲ್ಲಿ ಹೋಯಿತು. ಅಂದಿನಿಂದ ಪ್ರತಿ ವರ್ಷ ಅದೇ ಸಾಲು, ಅದೇ ಕನಿಕರ, ಅದೇ ಚಂದನ. ಮಠದ ಅನ್ನ ಉಳಿಸಲು ಹೋಗಿ ಸುಟ್ಟ ಕೈಗೆ ಮಠದ ಮುದ್ರೆ ಇಲ್ಲವಾಯಿತಲ್ಲ ಎಂದು ಅವರು ಯಾರ ಎದುರೂ ಅನ್ನಲಿಲ್ಲ. ಒಳಗೊಳಗೆ ಹೆದರಿಕೆ ಬೆಳೆಯುತ್ತಿತ್ತು. ಗುರುತಿಲ್ಲದ ಕೈ ಹೊತ್ತು ಸತ್ತರೆ ರಾಯರು ಹೋದ ಕಡೆಗೆ ತನ್ನನ್ನು ಬಿಡುವರೇ ಎಂಬುದು ಆ ಹೆದರಿಕೆ. ಓದಿದವರು ನಗಬಹುದು, ನಗಲಿ. ನಗುವವರ ಹೆದರಿಕೆಗಳೂ ಇನ್ನೊಬ್ಬರಿಗೆ ನಗೆ ತರುವಂಥವೇ ಇರುತ್ತವೆ.

ನಲಿನಿ ಕೊಂಡಾಪುರದ ಒಂದು ಚರ್ಮದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಹೊಸ ಲೇಸರ್ ಯಂತ್ರವೊಂದು ಬಂದಿತ್ತು. ಸುಟ್ಟ ಗಾಯದ ಕಲೆಗಳನ್ನು ಅದು ನಿಜವಾಗಿ ಎಷ್ಟು ಮೆತ್ತಗೆ ಮಾಡುತ್ತದೆ ಎಂದು ಪರೀಕ್ಷಿಸಿ ನೋಡುವ ಅಧ್ಯಯನ ನಡೆದಿತ್ತು. ಯಂತ್ರ ತಯಾರಿಸಿದ ಕಂಪನಿ ಅದನ್ನು ಅಧ್ಯಯನ ಮುಗಿಯುವವರೆಗೆ ಎರವಲು ಕೊಟ್ಟಿತ್ತು. ಎರಡು ಕಡೆ ಒಂದೇ ತರಹದ ಕಲೆ ಇರುವ ಜನ ಬೇಕು. ಚೀಟಿ ಎತ್ತಿ ಒಂದು ಕಡೆಗೆ ಲೇಸರ್, ಇನ್ನೊಂದು ಕಡೆ ಹಾಗೆಯೇ. ಕೊನೆಗೆ ಎರಡರ ಫೋಟೋವನ್ನೂ ಹೊರಗಿನ ಡಾಕ್ಟರೊಬ್ಬರ ಮುಂದೆ ಇಡುವುದು. ಯಾವುದಕ್ಕೆ ಚಿಕಿತ್ಸೆ ಆಗಿದೆಯೆಂದು ಅವರಿಗೆ ತಿಳಿಸದೆ, ಯಾವುದು ಮೇಲು ಎಂದು ಕೇಳುವುದು. ಜನರನ್ನು ಹುಡುಕುವುದು, ನಿಯಮ ಓದಿ ಹೇಳುವುದು, ಪ್ರತಿ ಸಲ ಬಂದಾಗ ವಿಚಾರಿಸುವುದು ನಲಿನಿಯ ಕೆಲಸ. ಒಂದು ಬೆಳಗ್ಗೆ ಚಪಾತಿ ಲಟ್ಟಿಸುತ್ತಿದ್ದ ಮೌಶಿಯ ಎರಡೂ ಕೈಗಳನ್ನು ಅವಳು ಮೊದಲ ಸಲ ನೋಡಿದವಳಂತೆ ನೋಡಿದಳು. ದಿನಾ ಆ ಕೈಯ ಊಟವೇ ಉಂಡವಳು.

ಕೇಳಿದ್ದೇ ತಡ ಗೋದಾಬಾಯಿಯವರು ಒಪ್ಪಿಬಿಟ್ಟರು. ಕೃಷ್ಣಾಬಾಯಿಗೆ ಆಶ್ಚರ್ಯವಾಯಿತು. ಈ ವಯಸ್ಸಿನಲ್ಲಿ ಕೈ ನುಣುಪಾಗಿ ಯಾರಿಗೆ ತೋರಿಸಬೇಕು ಎಂದು ಅಕ್ಕನನ್ನು ಛೇಡಿಸಿದಳು. ಅಕ್ಕ ಹಂಚಿನ ಮೇಲಿನ ಚಪಾತಿ ತಿರುವಿ ಹಾಕಿದರು.

ಆಸ್ಪತ್ರೆಯ ಡಾಕ್ಟರ್ ವಿಶಾಲಾಕ್ಷಿ ಅನಂತಪುರದ ಗಡಿಯ ಕಡೆಯವರು, ಕನ್ನಡ ಬಲ್ಲವರು. ಯಂತ್ರ ಏನು ಮಾಡುತ್ತದೆಂದು ಅವರೇ ಕೂತು ವಿವರಿಸಿದರು. ಬೆಳಕಿನಿಂದ ಕಲೆಯ ಮೇಲೆ ಸೂಜಿಮೊನೆಯಷ್ಟು ಸಣ್ಣ ಸಣ್ಣ ಚುಕ್ಕೆ ಸುಡುತ್ತೇವೆ, ಚುಕ್ಕೆ ಚುಕ್ಕೆಯ ನಡುವೆ ಸುಡದೆ ಬಿಡುತ್ತೇವೆ, ಸುಟ್ಟ ಜಾಗವನ್ನು ತುಂಬಲು ಮೈ ಹೊಸ ಚರ್ಮ ಕಟ್ಟುತ್ತದೆ ಎಂದರು. ಸುಡುವುದು ಎಂಬ ಮಾತು ಬಂದರೆ ಬಂದವರು ಕುರ್ಚಿಯಲ್ಲಿ ಹಿಂದೆ ಸರಿಯುವುದನ್ನು ಡಾಕ್ಟರು ದಿನವೂ ಕಂಡಿದ್ದರು. ಗೋದಾಬಾಯಿಯವರು ಮಾತ್ರ ಇದೇನು ಹೊಸದಲ್ಲ ಎಂಬಂತೆ ತಲೆದೂಗಿದರು. ಸುಟ್ಟು ಶುದ್ಧಮಾಡುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ನಲಿನಿ ನಿಯಮಗಳನ್ನು ಕನ್ನಡದಲ್ಲಿ ಓದಿ ಹೇಳಿದಳು. ಕೊನೆಯ ತಪಾಸಣೆ ಆಗುವವರೆಗೆ ಎರಡೂ ಕೈಗೆ ಬೇರೆ ಮುಲಾಮು, ಮೆಹಂದಿ ಹಚ್ಚಬಾರದು, ಗಾಯ ಆಗಬಾರದು, ಸುಟ್ಟುಕೊಳ್ಳಬಾರದು. ಕಡೆಯವರೆಗೆ ನಿಯಮ ಪಾಲಿಸಿದವರಿಗೆ ಮಾತ್ರ ಅಧ್ಯಯನ ಮುಗಿದ ಮೇಲೆ ಇನ್ನೊಂದು ಕೈಗೂ ಅದೇ ಯಂತ್ರದಿಂದ ಚಿಕಿತ್ಸೆ. ಗೋದಾಬಾಯಿಯವರಿಗೆ ಈ ಕೊನೆಯ ಮಾತು ಸಾಕಾಗಿತ್ತು. ಚೀಟಿ ಎತ್ತಿದಾಗ ಬಲಗೈ ಬಂತು. ಬಲಗೈ ಅಂದರೆ ಚಕ್ರದ ಕೈ. ಶಂಖ ಆಮೇಲೆ ಬಂದೀತು ಎಂದುಕೊಂಡರು.

ಮೊದಲ ಸಲ ಯಂತ್ರದ ಕೆಳಗೆ ಕೈಯಿಟ್ಟಾಗ, ಮರಗಟ್ಟಿಸುವ ಮುಲಾಮು ಹಚ್ಚಿದ್ದರೂ ಚಳಕ್ ಚಳಕ್ ಅಂದಿತು. ಕೂದಲು ಸುಟ್ಟ ವಾಸನೆ ಬಂತು. ಕಣ್ಣಿಗೆ ಕಪ್ಪು ಕನ್ನಡಕ ಕಟ್ಟಿದ್ದರು, ಕೈಮೇಲೆ ತಣ್ಣನೆಯ ಗಾಳಿ ಊದುತ್ತಿತ್ತು. ಗೋದಾಬಾಯಿಯವರು ತುಟಿಯೊಳಗೆ ನಾಮಸ್ಮರಣೆ ಮಾಡುತ್ತ ಕೂತರು. ನೋವಾಯಿತೇ ಎಂದು ಡಾಕ್ಟರು ಕೇಳಿದರೆ, ಇಲ್ಲ, ಇನ್ನೂ ಸ್ವಲ್ಪ ಜೋರು ಮಾಡಿದರೆ ಬೇಗ ಆಗುತ್ತದೆಯೇ ಎಂದು ತಿರುಗಿ ಕೇಳಿದರು.

ಆ ವರ್ಷ ತೆಲಂಗಾಣದ ಗದ್ದಲ ಜೋರಾಗಿತ್ತು. ಇಂದು ಬಂದ್, ನಾಳೆ ರಾಸ್ತಾ ರೋಕೊ. ಬಸ್ಸು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಎಂಬ ಭರವಸೆಯೇ ಇರಲಿಲ್ಲ. ಅಧ್ಯಯನಕ್ಕೆ ಸೇರಿದ್ದ ಹಲವರು ಬರುವುದನ್ನು ಬಿಟ್ಟರು. ಡಾಕ್ಟರಿಗೆ ಚಿಂತೆ ಹತ್ತಿತು. ಇಷ್ಟು ಜನ ಕಡೆಯವರೆಗೆ ಉಳಿಯದಿದ್ದರೆ ಮಾಡಿದ್ದೆಲ್ಲ ನೀರುಪಾಲು. ಬಿಡದೆ ಬರುತ್ತಿದ್ದವರಲ್ಲಿ ಗೋದಾಬಾಯಿಯವರು ಒಬ್ಬರು, ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಬೀದರಿನ ಶಿವದೇವಿ ಇನ್ನೊಬ್ಬಳು. ಬಿಸಿ ಹಬೆ ತಾಗಿ ಅವಳ ಎರಡೂ ಭುಜ ಸುಟ್ಟಿದ್ದವು. ಬೆಂಚಿನ ಮೇಲೆ ಕಾಯುತ್ತ ಇಬ್ಬರಿಗೂ ಸ್ನೇಹವಾಯಿತು. ಭುಜದ ಬಿಗಿತ ಸಡಿಲಾದರೆ ಮೇಲಿನ ಡಬ್ಬಿಗೆ ಕೈ ಎಟುಕುತ್ತದೆ, ಕೆಲಸ ಉಳಿಯುತ್ತದೆ ಎಂದು ಶಿವದೇವಿ ತನ್ನ ಕಾರಣ ಹೇಳಿದಳು. ಆಮೇಲೆ ಅವಳು ಇವರನ್ನು ಕೇಳಿದಳು.

“ನಿಮಗ ಯಾಕ ಬೇಕಾಗೈತಿರಿ ಅಮ್ಮಾರ ಇದು? ನೌಕರಿ ಇಲ್ಲ, ಏನಿಲ್ಲ. ಸುಮ್ನ ಸುಡಿಸ್ಕೊಳಾಕತ್ತೀರಿ.”

ತಂಗಿಗೂ ನಲಿನಿಗೂ ಹೇಳದಿದ್ದನ್ನು ಗೋದಾಬಾಯಿಯವರು ಆ ಹೊರಗಿನ ಹೆಂಗಸಿಗೆ ಹೇಳಿದರು. ಕೈ ಮೆತ್ತಗಾದರೆ ಮುದ್ರೆ ಹಾಕುತ್ತಾರೆ, ಮುದ್ರೆ ಬಿದ್ದ ಕೈ ಹೊತ್ತು ಹೋಗಬೇಕು, ಅಷ್ಟೇ ಎಂದರು. ಶಿವದೇವಿ ಕೊರಳಲ್ಲಿನ ಲಿಂಗವನ್ನು ಸೆರಗಿನ ಮೇಲಿಂದಲೇ ಒಮ್ಮೆ ಮುಟ್ಟಿಕೊಂಡಳು. ಅವಳಿಗೆ ಅರ್ಥವಾಯಿತು. ಅವಳು ಕನಿಕರ ತೋರಿಸಲಿಲ್ಲ, ಅದಕ್ಕೇ ಗೋದಾಬಾಯಿಯವರಿಗೆ ಅವಳು ಇಷ್ಟ.

ಬಲಗೈ ಬದಲಾಗತೊಡಗಿತು. ಪ್ರತಿ ಸಲ ಕಂದು ಹಕ್ಕಳೆ ಕಟ್ಟಿ ಉದುರಿದ ಮೇಲೆ ಒಳಗಿನಿಂದ ಸ್ವಲ್ಪ ಮೆತ್ತನೆಯದು ಬರುತ್ತಿತ್ತು. ಕೆಂಪು ಇಳಿಯಿತು, ಗಂಟುಗಳು ಕರಗಿದವು. ಹಿಂಡಿದರೆ ಚರ್ಮ ಬೆರಳಿಗೆ ಸಿಗುವಂತಾಯಿತು. ಪೂರ್ತಿ ಮೊದಲಿನದಾಗಲಿಲ್ಲ, ಆಗುತ್ತದೆಂದು ಡಾಕ್ಟರೂ ಹೇಳಿರಲಿಲ್ಲ. ಎಡಗೈ ಹಾಗೆಯೇ ಉಳಿಯಿತು. ಇಡೀ ಅಧ್ಯಯನದಲ್ಲಿ ಇಷ್ಟು ಚೆನ್ನಾಗಿ ಗುಣ ಕಂಡ ಕೈ ಇನ್ನೊಂದಿಲ್ಲ ಎಂದು ಡಾಕ್ಟರ್ ವಿಶಾಲಾಕ್ಷಿ ನಲಿನಿಯ ಹತ್ತಿರ ಹೇಳಿದರು. ನಲಿನಿ ಮನೆಗೆ ಬಂದು ತಾಯಿಗೆ ಹೇಳಿದಳು. ಕೃಷ್ಣಾಬಾಯಿ ಸಿಹಿ ಹುಗ್ಗಿ ಮಾಡಿದಳು.

ಕೊನೆಯ ಸಲದ ಲೇಸರ್ ಮುಗಿಯಿತು. ಕೊನೆಯ ತಪಾಸಣೆ ಉಳಿದಿತ್ತು. ನಡುವೆ ಆಷಾಢ ಬಂತು.

ಏಕಾದಶಿಯ ದಿನ ಮೂವರೂ ಉಪವಾಸವಿದ್ದು, ಒದ್ದೆ ತಲೆಯಲ್ಲಿ ಮಠಕ್ಕೆ ಹೋದರು. ಇದರಲ್ಲಿ ಗುಟ್ಟು ಏನೂ ಇರಲಿಲ್ಲ. ಸಾಲಿನಲ್ಲಿ ನಲಿನಿ ಮುಂದೆ, ಅವಳ ಹಿಂದೆ ಮೌಶಿ. ನಲಿನಿ ತನ್ನ ಎರಡೂ ಕೈಗೆ ಮುದ್ರೆ ಹಾಕಿಸಿಕೊಂಡು, ಉರಿಯುವ ಕೈ ಊದಿಕೊಳ್ಳುತ್ತ ಪಕ್ಕಕ್ಕೆ ನಿಂತು ನೋಡಿದಳು. ಆಚಾರ್ಯರು ಗೋದಾಬಾಯಿಯವರನ್ನು ಗುರುತಿಸಿ ಅಭ್ಯಾಸದಂತೆ ಗೋಪಿಚಂದನದ ಬಟ್ಟಲಿಗೆ ಕೈ ನೀಡಿದರು. ಗೋದಾಬಾಯಿಯವರು ಬಲಗೈ ಮುಂದೆ ಹಿಡಿದರು. ಆಚಾರ್ಯರು ಬಗ್ಗಿ ನೋಡಿ, ಇದೇನು ಇಷ್ಟು ಚೆನ್ನಾಗಿದೆ ಎಂದು ಸ್ವಾಮಿಗಳ ಕಡೆ ತಿರುಗಿದರು. ವೃದ್ಧ ಸ್ವಾಮಿಗಳು ಒಮ್ಮೆ ನೋಡಿ, ಕೆಂಡದಿಂದ ಚಕ್ರ ತೆಗೆದು ಮಣಿಕಟ್ಟಿನ ಮೇಲ್ಭಾಗಕ್ಕೆ ಒತ್ತಿದರು. ಚುರ್ರೆಂದಿತು. ಆ ಉರಿ ಎಷ್ಟೋ ವರ್ಷಗಳ ಮೇಲೆ ಮನೆಗೆ ಬಂದ ನೆಂಟನಂತೆ ಅವರಿಗೆ ಗುರುತು ಸಿಕ್ಕಿತು. ಎಡಗೈಗೆ ಚಂದನವೇ ಆಯಿತು. ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಗೋದಾಬಾಯಿಯವರು ಅತ್ತರು. ನಲಿನಿಯೂ ಅತ್ತಳು. ಇಷ್ಟು ದಿನ ಮೌಶಿ ಯಂತ್ರದ ಕೆಳಗೆ ಯಾಕೆ ಕೈಯಿಟ್ಟರೆಂದು ಅವಳಿಗೆ ತಿಳಿದದ್ದು ಆಗಲೇ. ಎಡಗೈಗೂ ಬೇಗ ಆಗುತ್ತದೆ, ಮುಂದಿನ ವರ್ಷ ಶಂಖ ಎಂದು ಅವಳೇ ಸಮಾಧಾನ ಹೇಳಿದಳು.

ನಿಯಮಗಳನ್ನು ಓದಿ ಹೇಳಿದವಳು ಅವಳು. ಸುಟ್ಟುಕೊಳ್ಳಬಾರದು ಎಂದು ನೂರಾರು ಸಲ ಹೇಳಿ ಬಾಯಿಪಾಠವಾದ ಮಾತು. ಅದು ಅವಳ ತಲೆಗೆ ಹೊಳೆಯಲೇ ಇಲ್ಲ. ಮುದ್ರೆಯನ್ನು ಸುಟ್ಟಗಾಯ ಎಂದು ಆ ಮನೆತನಗಳಲ್ಲಿ ಯಾರೂ ಯಾವತ್ತೂ ಎಣಿಸಿದ್ದಿಲ್ಲ.

ಕೊನೆಯ ತಪಾಸಣೆಯ ದಿನ ನಲಿನಿ ಎಲ್ಲರನ್ನೂ ಕೇಳುವಂತೆ ಮೌಶಿಯನ್ನೂ ಕೇಳಿದಳು. ಹೋದ ಸಲ ಬಂದು ಹೋದ ಮೇಲೆ ಕೈಗೆ ಗಾಯವಾಯಿತೇ, ಸುಟ್ಟಿತೇ? ಇಲ್ಲ ಎಂದರು ಗೋದಾಬಾಯಿಯವರು. ಇಲ್ಲ ಎಂದು ನಲಿನಿ ಬರೆದುಕೊಂಡಳು. ಇಬ್ಬರೂ ಸತ್ಯವನ್ನೇ ಹೇಳಿದ್ದರು.

ನೀಲಿ ಬಟ್ಟೆಯ ಮೇಲೆ ಎರಡೂ ಕೈ ಇಡಿಸಿ ದೀಪ ಹಾಕಿದಾಗ ಡಾಕ್ಟರ್ ವಿಶಾಲಾಕ್ಷಿಯವರ ಮುಖದ ನಗು ಹೋಯಿತು. ಬಲಗೈಯ ಮಣಿಕಟ್ಟಿನ ಬಳಿ ದುಂಡಗೆ, ಗೆರೆಗೆರೆಯಾಗಿ, ಸಿಪ್ಪೆ ಏಳುತ್ತಿದ್ದ ಹೊಸ ಸುಟ್ಟ ಗುರುತು. ಇದೇನು ಎಂದರು. ಮುದ್ರೆ ಎಂದು ಗೋದಾಬಾಯಿಯವರು ಸಂತೋಷದಿಂದಲೇ ಹೇಳಿದರು. ಹೇಗೆ ಹಾಕುತ್ತಾರೆಂದು ಡಾಕ್ಟರು ಕೇಳಿದರು, ಅವರು ವಿವರವಾಗಿ ಹೇಳಿದರು. ನೀವು ಕೇಳಲಿಲ್ಲವೇ ಎಂದು ಡಾಕ್ಟರು ನಲಿನಿಯ ಕಡೆ ತಿರುಗಿದರು. ನಲಿನಿ ತನ್ನ ಕುರ್ತಾದ ತೋಳನ್ನು ಕೆಳಗೆಳೆದುಕೊಳ್ಳುತ್ತಿದ್ದಳು. ಡಾಕ್ಟರು ಅವಳ ಕೈಯನ್ನೂ ನೋಡಿದರು. ಅಲ್ಲಿಯೂ ಅದೇ ಚಕ್ರ, ಅದೇ ಸಿಪ್ಪೆ.

ಡಾಕ್ಟರು ಬೈಯಲಿಲ್ಲ, ಹಣೆ ಹಿಡಿದುಕೊಂಡು ಕೂತರು. ನಿಯಮದಂತೆ ಗೋದಾಬಾಯಿಯವರು ಅಧ್ಯಯನದಿಂದ ಹೊರಗೆ. ಹೊರಗಾದರೆ ಎಡಗೈಯ ಚಿಕಿತ್ಸೆ ಇಲ್ಲ. ಯಂತ್ರ ವಾಪಸು ಹೋಗುವ ದಿನವೂ ದೂರವಿರಲಿಲ್ಲ. ಇತ್ತ ಡಾಕ್ಟರಿಗೆ ಉಳಿದಿದ್ದವರೇ ಬೆರಳೆಣಿಕೆ, ಅದರಲ್ಲಿ ಇದೇ ಎಲ್ಲಕ್ಕಿಂತ ಒಳ್ಳೆಯ ಕೈ. ಬಹಳ ಹೊತ್ತಿನ ಮೇಲೆ ಅವರು ಮೆಲ್ಲಗೆ ಒಂದು ದಾರಿ ಹೇಳಿದರು. ಮುದ್ರೆ ಇರುವುದು ಕಲೆಯ ತೀರಾ ಅಂಚಿನಲ್ಲಿ. ಕ್ಯಾಮೆರಾ ಎರಡು ಬೆರಳು ಮೇಲಕ್ಕೆ ಸರಿಸಿದರೆ ಫೋಟೋದಲ್ಲಿ ಅದು ಬೀಳುವುದಿಲ್ಲ. ಸುಟ್ಟಿಲ್ಲ ಎಂದು ಅಮ್ಮನವರು ಆಗಲೇ ಹೇಳಿಯಾಗಿದೆ, ಅದು ಹಾಗೆಯೇ ಇರಲಿ. ಎಡಗೈಗೆ ಮುಂದಿನ ವಾರದಿಂದಲೇ ಶುರು ಮಾಡೋಣ. ಹೇಳುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ. ಕೆಟ್ಟ ಹೆಂಗಸಲ್ಲ ಅವರು. ವರ್ಷದ ದುಡಿತ ಕೈಜಾರುವಾಗ ಒಳ್ಳೆಯವರಿಗೂ ಇಂಥ ದಾರಿ ಕಾಣುತ್ತದೆ.

ನಲಿನಿ ಮೌಶಿಯನ್ನು ನೋಡಿದಳು. ಒಪ್ಪಲಿ ಎಂದು ಅವಳ ಮನಸ್ಸು ಕೂಗುತ್ತಿತ್ತು. ಗೋದಾಬಾಯಿಯವರು ನೀಲಿ ಬಟ್ಟೆಯ ಮೇಲಿನ ತಮ್ಮ ಎರಡು ಕೈಗಳನ್ನು ನೋಡುತ್ತ ಕೂತಿದ್ದರು. ಒಂದರಲ್ಲಿ ಚಕ್ರ, ಇನ್ನೊಂದರಲ್ಲಿ ಬರಿ ಗಂಟು. ಅವರು ಬೇಡಿದ್ದು, ಕಾದಿದ್ದು, ವರ್ಷವಿಡೀ ಬಸ್ಸಿನಲ್ಲಿ ನಿಂತು ಬಂದದ್ದು ಈ ಎಡಗೈಗಾಗಿಯೂ ಹೌದು. ಒಂದು ಹೂಂ ಅಂದರೆ ಸಾಕಾಗಿತ್ತು.

“ಆವಾಗ ನಾ ಸುಟ್ಟಿಲ್ಲ ಅಂದದ್ದು ಗೊತ್ತಿಲ್ದ ಅಂದದ್ದು, ಡಾಕ್ಟರ. ಈಗ ನೀವು ಇದನ್ನೂ ಸುಟ್ಟದ್ದು ಅಂತ ಹಿಡೀತೀರಿ ಅಂತ ಗೊತ್ತಾತು. ಇನ್ನ ನಾ ಹಂಗ ಅನ್ನಲಿಕ್ಕೆ ಬರೂದಿಲ್ಲ.” ಅವರು ಬಲಗೈಯನ್ನು ಮಡಿಲಿಗೆ ಎಳೆದುಕೊಂಡರು. “ಈ ಚಕ್ರ ಇಲ್ಲ ಅಂತ ಹೇಳಿ ಆ ಶಂಖ ತೊಗೊಂಡ್ರ, ನಾ ಏನ ತೊಗೊಂಡಂಗಾತು?”

ಡಾಕ್ಟರು ದೀಪ ಆರಿಸಿದರು. ಕ್ಷಮಿಸಿ ಎಂದು ತೆಲುಗಿನಲ್ಲಿ ಅಂದರೋ, ತಮಗೆ ತಾವೇ ಅಂದುಕೊಂಡರೋ ತಿಳಿಯಲಿಲ್ಲ. ಹೊಸ ಸುಟ್ಟಗಾಯದ ಕಾರಣ ಒಬ್ಬರನ್ನು ಕೈಬಿಡಲಾಗಿದೆ ಎಂದು ಆ ದಿನವೇ ಬರೆದರು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಲಿನಿ ಅತ್ತಳು. ತಪ್ಪು ತನ್ನದು, ತಾನು ಒಂದು ಮಾತು ನೆನಪು ಮಾಡಿದ್ದರೆ ಮುದ್ರೆಯನ್ನು ಮುಂದಿನ ವರ್ಷಕ್ಕೆ ಇಟ್ಟುಕೊಂಡು ಎರಡೂ ಕೈಗೆ ಒಟ್ಟಿಗೆ ಹಾಕಿಸಬಹುದಿತ್ತು ಎಂದಳು. ಬಾಯಿ ಮುಚ್ಚು, ಜನ ನೋಡುತ್ತಿದ್ದಾರೆ ಎಂದು ಗೋದಾಬಾಯಿಯವರು ಗದರಿಸಿದರು. ಅವರ ಗದರಿಕೆಯಲ್ಲಿ ಸಿಟ್ಟಿರಲಿಲ್ಲ. ಮುಂದಿನ ವರ್ಷದವರೆಗೆ ಇರುತ್ತೇನೆಂದು ಯಾರು ಬರೆದುಕೊಟ್ಟಿದ್ದರು ಎಂದು ಮಾತ್ರ ಕಿಟಕಿಯ ಕಡೆ ತಿರುಗಿ ಹೇಳಿದರು.

ನಲಿನಿಯ ಕೆಲಸಕ್ಕೆ ಏನೂ ಆಗಲಿಲ್ಲ. ಅಂದಿನಿಂದ ಅವಳು ಬಂದವರನ್ನು ಸುಟ್ಟಿತೇ ಎಂದಷ್ಟೇ ಕೇಳುತ್ತಿರಲಿಲ್ಲ. ಮಠ, ಗುಡಿ, ದರ್ಗಾ, ಹರಕೆ, ಎಲ್ಲದರ ಹೆಸರು ಹಿಡಿದು, ದೇವರಿಗಾಗಿ ಮೈಗೆ ಏನಾದರೂ ಮಾಡಿಸಿಕೊಂಡಿರಾ ಎಂದು ಕೇಳುತ್ತಿದ್ದಳು. ಜನ ಬೆರಗಾಗಿ ಎಷ್ಟೆಲ್ಲ ಹೇಳುತ್ತಿದ್ದರು. ಅಧ್ಯಯನ ಮುಗಿದ ಮೇಲೆ ಶಿವದೇವಿಯ ಇನ್ನೊಂದು ಭುಜಕ್ಕೂ ಚಿಕಿತ್ಸೆಯಾಯಿತು. ಆಮೇಲೆ ಯಂತ್ರವನ್ನು ಕಟ್ಟಿಗೆಯ ಪೆಟ್ಟಿಗೆಯಲ್ಲಿಟ್ಟು ಕಂಪನಿಯವರು ಒಯ್ದರು. ಹಣ ಕೊಟ್ಟು ಬೇರೆಲ್ಲಾದರೂ ಮಾಡಿಸುವ ಮಾತು ಆ ಮನೆಯಲ್ಲಿ ಏಳಲಿಲ್ಲ, ಏಳುವಂತೆಯೂ ಇರಲಿಲ್ಲ.

ಮತ್ತೆ ಆಷಾಢ ಬಂತು. ಈ ಸಲ ಇಬ್ಬರೇ ಹೋದರು, ಸಾಲಿನಲ್ಲಿ ನಲಿನಿ ಮೌಶಿಯ ಪಕ್ಕದಲ್ಲೇ ನಿಂತಳು. ಬಲಗೈಗೆ ಚಕ್ರ ಬಿತ್ತು. ಎಡಗೈಯ ಸರದಿ ಬಂದಾಗ ಆಚಾರ್ಯರು ಚಂದನದ ಬಟ್ಟಲನ್ನು ಹತ್ತಿರ ಎಳೆದುಕೊಂಡರು. ಇಷ್ಟು ವರ್ಷ ಬಾಯಿ ಬಿಡದೆ ಕನಿಕರವನ್ನು ನುಂಗಿಕೊಂಡು ಹೊರಟುಹೋಗುತ್ತಿದ್ದ ಗೋದಾಬಾಯಿಯವರು ಆ ದಿನ ಜಾಗ ಬಿಟ್ಟು ಕದಲಲಿಲ್ಲ. ಹಿಂದಿದ್ದವರು ಗೊಣಗಿದರು.

“ಸ್ವಾಮಿ, ಎರಡೂ ಕೈ ಒಂದೇ ಗಂಜಿಗೆ ಸುಟ್ಟದ್ದು. ಬಲಗೈನ ಯಂತ್ರದಾಗ ಎಷ್ಟ ಸಲ ಸುಟ್ರೂ ಮಾಯ್ತು. ಹುಣ್ಣಾಗಲಿಲ್ಲ. ಇದೂ ಅದೇ ಚರ್ಮ. ಹುಣ್ಣಾದ್ರ ಆಗ್ಲಿ, ನಾ ತಾಳ್ಕೋತೀನಿ. ಚಂದನ ಬ್ಯಾಡ.”

ಆಚಾರ್ಯರು ಏನೋ ಹೇಳಲು ಬಾಯಿ ತೆರೆದರು. ಸ್ವಾಮಿಗಳು ಕೈಯೆತ್ತಿ ತಡೆದರು. ಕೆಂಡದಲ್ಲಿದ್ದ ಶಂಖವನ್ನು ತೆಗೆದು, ಒಂದು ಕ್ಷಣ ಆ ಮುದುಕಿಯ ಮುಖ ನೋಡಿ, ಗಂಟುಗಟ್ಟಿದ ಎಡಗೈಗೆ ಒತ್ತಿದರು.

ಗೋದಾಬಾಯಿಯವರು ಕಣ್ಣು ಮುಚ್ಚಿ ಉರಿಗಾಗಿ ಕಾದರು. ಉರಿ ಬರಲಿಲ್ಲ. ಆ ದಪ್ಪ ಚರ್ಮದ ಕೆಳಗೆ ನೋವು ತಿಳಿಸುವುದು ಯಾವುದೂ ಉಳಿದಿರಲಿಲ್ಲ. ಸ್ವಾಮಿಗಳು ಕೈ ಹಿಂದೆಗೆದಾಗಲೂ ಅವರು ಕಾಯುತ್ತಲೇ ಇದ್ದರು. ನಲಿನಿ ಭುಜ ಹಿಡಿದು ಪಕ್ಕಕ್ಕೆ ಕರೆದುಕೊಂಡು ಬಂದಳು. ಹೊರಗಿನ ಬೆಳಕಿನಲ್ಲಿ ಅವರು ಎಡಗೈಯನ್ನು ಅವಳ ಮುಂದೆ ಹಿಡಿದರು. ಅವರ ಕಣ್ಣು ಇತ್ತೀಚೆಗೆ ಮಂದವಾಗಿತ್ತು.

“ಬಿದ್ದದೇನು, ನಲಿನಿ?”

ನಲಿನಿ ಬಗ್ಗಿ ನೋಡಿದಳು. ಕೈಯನ್ನು ಬೆಳಕಿಗೆ ಹಿಡಿದು, ಓರೆ ಮಾಡಿ, ಆಸ್ಪತ್ರೆಯಲ್ಲಿ ಕಲಿತ ರೀತಿಯಲ್ಲೆಲ್ಲ ನೋಡಿದಳು. ಗಂಟುಗಳ ನಡುವೆ ಶಂಖವೆನ್ನುವಂಥ ಗೆರೆ ಒಂದೂ ಇರಲಿಲ್ಲ. ಬಿದ್ದಿದೆ ಎಂದುಬಿಡುವುದು ಎಷ್ಟು ಸುಲಭವಾಗಿತ್ತು. ನೀಲಿ ಬಟ್ಟೆಯ ಮೇಲಿನ ಆ ದಿನ ನೆನಪಾಗಿ ಅವಳಿಂದ ಆಗಲಿಲ್ಲ. ಕಾಣುತ್ತಿಲ್ಲ ಮೌಶಿ ಎಂದಳು.

ಗೋದಾಬಾಯಿಯವರು ಕೈಯನ್ನು ಹಿಂದಕ್ಕೆ ಎಳೆದುಕೊಂಡರು.

“ಸ್ವಾಮಿಗಳು ಹಚ್ಚಿದ್ದು ನೀ ನೋಡೀಯಲ್ಲ?”

“ನೋಡೀನಿ.”

“ನನಗೂ ತಿಳೀಲಿಲ್ಲ, ಕಣ್ಣಿಗೂ ಕಾಣೂದಿಲ್ಲ. ಮತ್ತ ನೀನs ನೆನಪಿಟ್ಕೋ.”

ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿ ಅವರು ಚಪ್ಪಲಿ ಹುಡುಕಲು ಹೋದರು. ಅಂದಿನಿಂದ ಆ ಮಾತು ಮನೆಯಲ್ಲಿ ಬರಲಿಲ್ಲ. ಚಪಾತಿ ಲಟ್ಟಿಸುವುದು, ಬೈಯುವುದು, ಬೈಸಿಕೊಳ್ಳುವುದು ಮೊದಲಿನಂತೆ ನಡೆಯಿತು. ಅವರ ಮುಖದಲ್ಲಿದ್ದ ಹೆದರಿಕೆ ಹೋಯಿತೋ, ಒಳಗಿಳಿಯಿತೋ ಎಂದು ನಲಿನಿ ಎಷ್ಟೋ ಸಲ ಗಮನಿಸಿದಳು. ಗೊತ್ತಾಗಲಿಲ್ಲ.

ರಾಜ್ಯ ಎರಡಾಗುವ ಮುಂಚಿನ ಚಳಿಗಾಲದಲ್ಲಿ, ಮಾಘದ ಒಂದು ಬೆಳಗಿನ ಜಾವ, ಸ್ನಾನಕ್ಕೆಂದು ಎದ್ದವರು ಬಚ್ಚಲ ಬಾಗಿಲಲ್ಲೇ ಕುಸಿದು ಗೋದಾಬಾಯಿಯವರು ತೀರಿಕೊಂಡರು. ನೆರೆಯ ಹೆಂಗಸರು ಬಂದರು. ಮೈ ತೊಳೆದು ಬೇರೆ ಸೀರೆ ಉಡಿಸುವಾಗ ಕೃಷ್ಣಾಬಾಯಿ ಅಕ್ಕನ ಕೈಗಳನ್ನು ಒರೆಸಿದಳು. ಬಲಗೈಯಲ್ಲಿ ಚಕ್ರದ ಮಾಸಿದ ಗುರುತು ಕಂಡು ಸಮಾಧಾನದ ಉಸಿರುಬಿಟ್ಟಳು. ಎಡಗೈ ಎತ್ತಿ ನೋಡಿ ಅವಳ ಕಣ್ಣು ತುಂಬಿ ಬಂತು.

ಎಡಗೈಗೆ ಇಲ್ಲ, ಚಂದನದ್ದಾದರೂ ಶಂಖ ಹಚ್ಚು, ಹಾಗೆ ಕಳಿಸುವುದು ಬೇಡ ಎಂದು ಮಗಳ ಕಡೆ ಬಟ್ಟಲು ಸರಿಸಿದಳು.

ನಲಿನಿ ಬಟ್ಟಲು ಮುಟ್ಟಲಿಲ್ಲ. ಮೌಶಿಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ಎಡಗೈಗೂ ಅದ, ಅವ್ವಾ. ಸ್ವಾಮಿಗಳು ಹಚ್ಚ್ಯಾರ. ನಾ ನೋಡೀನಿ.”

ಕೃಷ್ಣಾಬಾಯಿ ಆ ಗಂಟುಗಂಟಾದ ಚರ್ಮದ ಮೇಲೆ ಬೆರಳಾಡಿಸಿದಳು. ಬೆರಳಿಗೆ ಏನೂ ಸಿಗಲಿಲ್ಲ. ಮಗಳ ಮುಖ ನೋಡಿದಳು, ಮತ್ತೆ ಕೇಳಲಿಲ್ಲ. ಚಂದನದ ಬಟ್ಟಲನ್ನು ಗೋಡೆಯ ಬದಿಗೆ ಸರಿಸಿದಳು. ಎಡಗೈಯ ಮೇಲೆ ಯಾರೂ ಏನನ್ನೂ ಹಚ್ಚಲಿಲ್ಲ.